ಫೋನಿನಿಂದ ಕಂಪ್ಯೂಟರ್‌ಗೆ ಫೋಟೋ: ಇಮೇಲ್ ದಾರಿ ಮತ್ತು ಉಳಿದ ದಾರಿಗಳು

ಫೋನಿನಲ್ಲಿ ತೆಗೆದ ಫೋಟೋ ಕಂಪ್ಯೂಟರ್‌ಗೆ ಹೋಗಬೇಕು. ಇಷ್ಟೇ ಕೆಲಸ. ಆದರೆ ಮಗಳ ಕಾಲೇಜು ಅರ್ಜಿಗೆ ಫೋಟೋ ಹಾಕಬೇಕಾದಾಗ, ಪತ್ರಿಕೆಗೆ ಲೇಖನದ ಜೊತೆ ಚಿತ್ರ ಕಳಿಸಬೇಕಾದಾಗ, ತುಂಬಿಹೋದ ಫೋನನ್ನು ಖಾಲಿ ಮಾಡಬೇಕಾದಾಗ ಇದೇ ಕೆಲಸ ಎಷ್ಟೋ ಮನೆಗಳಲ್ಲಿ ಅರ್ಧ ದಿನ ನುಂಗುತ್ತದೆ. ಕೇಬಲ್ ಸಿಗುವುದಿಲ್ಲ, ಸಿಕ್ಕರೆ ಕಂಪ್ಯೂಟರ್ ಫೋನನ್ನು ಗುರುತಿಸುವುದಿಲ್ಲ, ಗುರುತಿಸಿದರೆ ಫೋಲ್ಡರ್ ಖಾಲಿ ಕಾಣುತ್ತದೆ. ಕೊನೆಗೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ, "ನಿನ್ನ ಮೇಲ್‌ಗೆ ನೀನೇ ಕಳಿಸ್ಕೊಂಡ್ಬಿಡು." ಎರಡು ನಿಮಿಷದಲ್ಲಿ ಕೆಲಸ ಆಗಿಬಿಡುತ್ತದೆ.

ಈ ಸಲಹೆಯನ್ನು ಹಳೇ ಕಾಲದ್ದು ಎಂದು ಬದಿಗೆ ಸರಿಸುವವರೇ ಹೆಚ್ಚು. ಅದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಫೋಟೋ ಸಾಗಿಸುವ ದಾರಿಗಳ ಬಗ್ಗೆ ಮಾತು ಬಂದಾಗಲೆಲ್ಲ ಯಾವುದು ಬೇಗ ಎಂಬ ಒಂದೇ ಪ್ರಶ್ನೆ ಏಳುತ್ತದೆ. ಕೇಳಬೇಕಾದ ಪ್ರಶ್ನೆಗಳು ಇನ್ನೆರಡು ಇವೆ. ಆ ತುದಿಗೆ ತಲುಪಿದ್ದು ನಾವು ತೆಗೆದ ಫೋಟೋವೋ, ಅದರ ಕುಗ್ಗಿದ ನಕಲೋ? ದಾರಿಯಲ್ಲಿ ಅದರ ಪ್ರತಿ ಇನ್ನು ಯಾರ ಬಳಿ ಉಳಿಯಿತು? ಈ ಎರಡನ್ನು ಹಿಡಿದುಕೊಂಡು ಇಮೇಲಿನಿಂದ ಕೇಬಲ್‌ವರೆಗೆ, ವಾಟ್ಸ್ಆ್ಯಪ್‌ನಿಂದ ಕ್ಲೌಡ್‌ವರೆಗೆ ಒಂದೊಂದನ್ನೂ ನೋಡೋಣ.

ಕ್ಯಾಮೆರಾ ಫೋನಿನ ಚರಿತ್ರೆ ಶುರುವಾದದ್ದೇ ಫೋಟೋವನ್ನು ಇನ್ನೊಬ್ಬರಿಗೆ ತಲುಪಿಸುವ ಆಸೆಯಿಂದ. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ಹೆರಿಗೆ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞರು ಒಂದು ಡಿಜಿಟಲ್ ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್ ಫೋನ್ ಮೂರನ್ನೂ ಜೋಡಿಸಿ, ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ಬಂಧುಮಿತ್ರರಿಗೆ ತಲುಪಿಸಿದರು. 2000ದ ನವೆಂಬರಿನಲ್ಲಿ ಜಪಾನಿನ ಜೆ-ಫೋನ್ ಕಂಪನಿ ಶಾರ್ಪ್ ತಯಾರಿಸಿದ ಕ್ಯಾಮೆರಾ ಫೋನನ್ನು ಮಾರುಕಟ್ಟೆಗೆ ತಂದಿತು. ಅದರ ಕ್ಯಾಮೆರಾ ಹಿಡಿಯುತ್ತಿದ್ದದ್ದು ಸುಮಾರು 1.1 ಲಕ್ಷ ಪಿಕ್ಸೆಲ್. ಇವತ್ತಿನ ಸಾಧಾರಣ ಫೋನಿನ 1.2 ಕೋಟಿ ಪಿಕ್ಸೆಲ್ಲಿನ ಎದುರು ನೂರರಲ್ಲಿ ಒಂದು ಪಾಲು. ಅಷ್ಟು ಪುಟ್ಟ ಚಿತ್ರವಾದ್ದರಿಂದಲೇ ಅದನ್ನು ಫೋನಿನಿಂದ ನೇರ ಮೇಲ್‌ನಲ್ಲಿ ಕಳಿಸಲು ಸಾಧ್ಯವಾಗಿತ್ತು.

ಮೇಲ್ ಮಾತ್ರ ಫೋಟೋಗೆಂದು ಹುಟ್ಟಿದ್ದಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಮೇಲ್ ರವಾನೆಯ ನಿಯಮಗಳು ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದವು. ಚಿತ್ರ, ಧ್ವನಿಗಳಿಗೆ ಅಲ್ಲಿ ಜಾಗವಿರಲಿಲ್ಲ, ಕನ್ನಡಕ್ಕೂ ಇರಲಿಲ್ಲ. ಆ ಗೋಡೆ ಒಡೆದದ್ದು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ 'ಮೈಮ್' ಎಂಬ ಏರ್ಪಾಡು. ಆ ವರ್ಷ ಮಾರ್ಚ್ 11ರಂದು ಬೊರೆನ್‌ಸ್ಟೀನ್ ಈ ಏರ್ಪಾಡಿನ ಮೊದಲ ಲಗತ್ತನ್ನು ಕಳಿಸಿದರು. ಅದರಲ್ಲಿದ್ದದ್ದು ಅವರೂ ಸೇರಿ ನಾಲ್ವರು ಹಾಡುಗಾರರ ತಂಡದ ಫೋಟೋ ಮತ್ತು ಹಾಡಿನ ತುಣುಕು. ಮುಂದೊಂದು ದಿನ ಮೊಮ್ಮಕ್ಕಳ ಫೋಟೋ ಮೇಲ್‌ನಲ್ಲಿ ಬರಬೇಕು ಎಂಬುದು ತಮ್ಮ ಆಸೆ ಎಂದು ಅವರು ಹೇಳುತ್ತಿದ್ದರು. ಇವತ್ತು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಗ ಧಾರವಾಡದ ಅಜ್ಜ ಅಜ್ಜಿಗೆ ಮಗುವಿನ ಚಿತ್ರ ಮೇಲ್ ಮಾಡಿದರೆ ಅದು ಈ ಏರ್ಪಾಡಿನ ಮೇಲೆಯೇ ಸಾಗಿ ಬರುತ್ತದೆ. ನಾವು ಕನ್ನಡದಲ್ಲಿ ಮೇಲ್ ಬರೆಯಲು ಸಾಧ್ಯವಾಗಿರುವುದಕ್ಕೂ ಇದೇ ಆಧಾರ.

ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದ ಮೇಲೆ ಯಾವ ಕಂಪ್ಯೂಟರಿನಿಂದ ಬೇಕಾದರೂ ಪುಕ್ಕಟೆ ಮೇಲ್ ನೋಡುವುದು ಜನಸಾಮಾನ್ಯರ ಕೈಗೆ ಬಂತು. ಆದರೆ 2004ರವರೆಗೂ ಅಲ್ಲಿನ ಪುಕ್ಕಟೆ ಪೆಟ್ಟಿಗೆಯ ಒಟ್ಟು ಜಾಗ 2 ಎಂಬಿ. ಇಂದಿನ ಫೋನಿನ ಒಂದೇ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. 2004ರ ಏಪ್ರಿಲ್ 1ರಂದು ಬಂದ ಜಿಮೇಲ್ 1 ಜಿಬಿ ಕೊಟ್ಟಿತು. ಫೋಟೋವನ್ನು ಮೇಲ್‌ನಲ್ಲಿ ಕಳಿಸಿ ಅಲ್ಲೇ ಬಿಟ್ಟಿರುವ ನಮ್ಮ ಅಭ್ಯಾಸ ಬೆಳೆದದ್ದು ಅಲ್ಲಿಂದ ಮುಂದೆ.

ಈಗ ಫೋನಿನೊಳಗೆ ಏನಾಗುತ್ತದೆ ನೋಡೋಣ. ಗ್ಯಾಲರಿಯಲ್ಲಿ ಫೋಟೋ ಆರಿಸಿ, ಶೇರ್ ಒತ್ತಿ, ಜಿಮೇಲ್ ಆರಿಸಿ, ನಮ್ಮದೇ ವಿಳಾಸ ಹಾಕಿ ಕಳಿಸುತ್ತೇವೆ. ಫೋನು ಮತ್ತು ಲ್ಯಾಪ್‌ಟಾಪ್ ಒಂದೇ ಮೇಜಿನ ಮೇಲೆ ಗೇಣು ದೂರದಲ್ಲಿದ್ದರೂ ಫೋಟೋ ಮೊದಲು ಎಲ್ಲೋ ದೂರದ ಸರ್ವರ್‌ಗೆ ಹೋಗಿ, ಅಲ್ಲಿಂದ ವಾಪಸು ಬರುತ್ತದೆ. ಮನೆಯ ಇಂಟರ್‌ನೆಟ್‌ನಲ್ಲಿ ಸಾಮಾನ್ಯವಾಗಿ ಇಳಿಸುವ ವೇಗ ಹೆಚ್ಚು, ಏರಿಸುವ ವೇಗ ಕಡಿಮೆ. ಮೊಬೈಲ್ ಸಿಗ್ನಲ್ ಸೊರಗಿರುವ ಮಲೆನಾಡಿನ ಮನೆಗಳಲ್ಲಿ ಈ ಏರಿಸುವ ಘಟ್ಟದಲ್ಲೇ ಮೇಲ್ ಗಂಟೆಗಟ್ಟಲೆ ಔಟ್‌ಬಾಕ್ಸ್‌ನಲ್ಲಿ ಕೂತಿರುತ್ತದೆ. ಸ್ವಂತ ವಿಳಾಸಕ್ಕೆ ಕಳಿಸುವುದಾದರೆ ಸೆಂಡ್ ಒತ್ತುವ ಅಗತ್ಯವೂ ಇಲ್ಲ. ಫೋಟೋ ಲಗತ್ತಿಸಿ ಡ್ರಾಫ್ಟ್ ಆಗಿ ಬಿಟ್ಟರೆ ಸಾಕು. ಕಂಪ್ಯೂಟರಿನಲ್ಲಿ ಅದೇ ಡ್ರಾಫ್ಟ್ ತೆರೆದು ಇಳಿಸಿಕೊಂಡು, ಆಮೇಲೆ ಅಳಿಸಬಹುದು. ತಪ್ಪು ವಿಳಾಸಕ್ಕೆ ಹೋಗುವ ಭಯವೇ ಇಲ್ಲ.

ಗಾತ್ರದ ಮಿತಿಯನ್ನು ತಿಳಿದಿರಬೇಕು. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ ಲಗತ್ತಿಸಬಹುದಾದದ್ದು 25 ಎಂಬಿ. ಅದಕ್ಕಿಂತ ಹೆಚ್ಚಾದರೆ ಫೈಲ್ ಗೂಗಲ್ ಡ್ರೈವ್‌ಗೆ ಹೋಗಿ, ಮೇಲ್‌ನಲ್ಲಿ ಅದರ ಲಿಂಕ್ ಮಾತ್ರ ಬರುತ್ತದೆ. ಐಫೋನಿನ ಮೇಲ್ ಆ್ಯಪ್‌ನಲ್ಲಿ ಐಕ್ಲೌಡ್ ಖಾತೆ ಇದ್ದವರಿಗೆ ಮೇಲ್ ಡ್ರಾಪ್ ಎಂಬ ಸೌಲಭ್ಯ 5 ಜಿಬಿವರೆಗೆ ಹಿಡಿಯುತ್ತದೆ, ಆದರೆ ಆ ಲಿಂಕಿನ ಆಯುಸ್ಸು 30 ದಿನ. ಲಗತ್ತಿನ ಲೆಕ್ಕದಲ್ಲಿ ಕಾಣದ ಇನ್ನೊಂದು ಹೊರೆಯಿದೆ. ಮೇಲ್ ಮೂಲತಃ ಅಕ್ಷರಗಳ ವಾಹನವಾದ್ದರಿಂದ ಫೋಟೋದ ಪ್ರತಿ 3 ಬೈಟ್‌ಗಳನ್ನು 4 ಅಕ್ಷರಗಳಾಗಿ ಬದಲಿಸಿ ಕಳಿಸಬೇಕಾಗುತ್ತದೆ. ಸಾಲು ಮುರಿಯುವ ಗುರುತುಗಳೂ ಸೇರಿ ಗಾತ್ರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಬ್ಬುತ್ತದೆ. 4 ಎಂಬಿಯ ಫೋಟೋ ದಾರಿಯಲ್ಲಿ ಸುಮಾರು ಐದೂವರೆ ಎಂಬಿ. ಹಲವು ಕಚೇರಿಗಳ ಸರ್ವರ್‌ಗಳು ಈ ಉಬ್ಬಿದ ಗಾತ್ರವನ್ನೇ ಲೆಕ್ಕ ಹಿಡಿಯುವುದರಿಂದ 20 ಎಂಬಿ ಫೋಟೋ ಹಾಕಿದ ಮೇಲ್ ಕೂಡ ಒಮ್ಮೊಮ್ಮೆ ತಿರುಗಿ ಬರುತ್ತದೆ. ಒಂದು ಮೇಲ್‌ಗೆ ನಾಲ್ಕು ಫೋಟೋ ಎಂದಿಟ್ಟುಕೊಂಡರೆ ಸಾಮಾನ್ಯವಾಗಿ ತೊಂದರೆಯಾಗದು.

ಹೀಗಾಗಿ ಇಮೇಲ್ ಬೆರಳೆಣಿಕೆಯ ಫೋಟೋಗಳ ದಾರಿ. ಸಾವಿರ ಫೋಟೋ, ಅಂದರೆ ಸುಮಾರು 4 ಜಿಬಿ, ಮೇಲ್‌ನಲ್ಲಿ ಕಳಿಸಲು ಹೊರಟರೆ ನಾಲ್ಕು ನಾಲ್ಕರಂತೆ 250 ಮೇಲ್ ಬೇಕು. ಅದು ಯಾರೂ ಮಾಡಬಾರದ ಕೆಲಸ.

ಬೆರಳೆಣಿಕೆಯ ಫೋಟೋಗಳಿಗೆ ಮಾತ್ರ ಅದರಷ್ಟು ನಂಬಿಕಸ್ತ ದಾರಿ ಇನ್ನೊಂದಿಲ್ಲ. ಲಗತ್ತಾಗಿ ಹೋದ ಫೈಲನ್ನು ಮೇಲ್ ವ್ಯವಸ್ಥೆ ಮುಟ್ಟುವುದಿಲ್ಲ. ಈ ಕಡೆ ಹಾಕಿದ್ದೇ ಆ ಕಡೆ ಬರುತ್ತದೆ. ಎಚ್ಚರ ಬೇಕಾದ ಜಾಗ ಕಳಿಸುವ ಮುಂಚಿನದು. ಐಫೋನಿನ ಮೇಲ್ ಆ್ಯಪ್, ಕಳಿಸುವಾಗ ಸಣ್ಣದು, ಮಧ್ಯಮ, ದೊಡ್ಡದು, ಮೂಲ ಗಾತ್ರ ಎಂದು ಆಯ್ಕೆ ಕೇಳುತ್ತದೆ. ಅವಸರದಲ್ಲಿ ಮಧ್ಯಮ ಒತ್ತಿದರೆ ಹೋಗುವುದು ಕುಗ್ಗಿದ ಚಿತ್ರ. ಉಳಿಸಿಕೊಳ್ಳಬೇಕಾದ ಫೋಟೋಗೆ ಯಾವಾಗಲೂ ಮೂಲ ಗಾತ್ರವನ್ನೇ ಆರಿಸಬೇಕು. ಇಷ್ಟೇ ಕೆಬಿ ಒಳಗಿರಬೇಕು ಎಂದು ಕೇಳುವ ಪರೀಕ್ಷೆ ಅರ್ಜಿಗಳಿಗಾದರೆ ಆ ಸಣ್ಣ ಗಾತ್ರವೇ ಅನುಕೂಲ. ಇನ್ನೊಂದು: ಫೋಟೋವನ್ನು ಮೇಲ್‌ನ ಬರಹದ ನಡುವೆ ಅಂಟಿಸುವುದು ಬೇಡ. ಕ್ಲಿಪ್ ಗುರುತಿನ ಮೂಲಕ ಲಗತ್ತಾಗಿ ಹೋಗಲಿ.

ಇದೆಲ್ಲ ಯಾಕಿಷ್ಟು ಮುಖ್ಯ ಎಂಬುದು ಅರಿವಾಗಬೇಕಾದರೆ ಊರಿನ ಯಾವುದಾದರೂ ಫೋಟೋ ಸ್ಟುಡಿಯೋದಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಮನೆಯ ಹಿರಿಯರು ತೀರಿಕೊಂಡ ಮರುದಿನ ಮಕ್ಕಳು ಫೋನ್ ಹಿಡಿದುಕೊಂಡು ಬರುತ್ತಾರೆ. ಹನ್ನೊಂದನೇ ದಿನಕ್ಕೆ ಮಾಲೆ ಹಾಕಿ ಇಡಲು ದೊಡ್ಡ ಫ್ರೇಮಿನ ಫೋಟೋ ಬೇಕು. ಇರುವ ಚಿತ್ರ ಯಾವುದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋ, ಅದೂ ಫ್ಯಾಮಿಲಿ ಗ್ರೂಪಿನಿಂದ ಫಾರ್ವರ್ಡ್ ಆಗಿ ಬಂದದ್ದು. ಸ್ಟುಡಿಯೋದವರು ಗುಂಪಿನಿಂದ ತಾತನ ಮುಖವನ್ನಷ್ಟೇ ಕತ್ತರಿಸಿ ಪರದೆಯ ಮೇಲೆ ಹಿಗ್ಗಿಸುತ್ತಾರೆ. ಪೇಟದ ಜರಿಯಂಚು ಚೌಕ ಚೌಕವಾಗಿ ಒಡೆಯುತ್ತದೆ, ಹಣೆಯ ಮೂರು ವಿಭೂತಿ ಗೆರೆ ಒಂದೇ ಬಿಳಿ ಮಸುಕಾಗಿ ಸೇರಿಹೋಗುತ್ತದೆ, ಕಣ್ಣಿನ ಹೊಳಪು ಇರಬೇಕಾದಲ್ಲಿ ಬೂದು ಕಲೆ. "ಒರಿಜಿನಲ್ ಇಲ್ವಾ ಸಾರ್?" ಎಂದು ಕೇಳುತ್ತಾರೆ. ತೆಗೆದವರು ಯಾರು ಎಂದು ನೆನಪಿಲ್ಲ. ನೆನಪಾದರೂ ಅವರ ಫೋನ್ ಬದಲಾಗಿ ಎರಡು ವರ್ಷವಾಗಿದೆ.

ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 1.2 ಕೋಟಿ ಪಿಕ್ಸೆಲ್ಲಿನ ಫೋನ್ ತೆಗೆದ ಚಿತ್ರ 4000 ಪಿಕ್ಸೆಲ್ ಉದ್ದ, 3000 ಅಗಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600ಕ್ಕೆ ಇಳಿಯುತ್ತದೆ. ಒಟ್ಟು ಪಿಕ್ಸೆಲ್ಲಿನಲ್ಲಿ ಉಳಿಯುವುದು ಆರರಲ್ಲಿ ಒಂದು ಪಾಲು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕೆಂಬುದು ಮುದ್ರಣದವರ ವಾಡಿಕೆಯ ಅಳತೆ. ಮೂಲ ಚಿತ್ರ ಆ ಲೆಕ್ಕದಲ್ಲಿ 13 ಇಂಚಿನವರೆಗೆ ಚೊಕ್ಕವಾಗಿ ಬರುತ್ತದೆ, ವಾಟ್ಸ್ಆ್ಯಪ್ ಚಿತ್ರ 5 ಇಂಚು ದಾಟುವಷ್ಟರಲ್ಲಿ ಸೋಲುತ್ತದೆ. 18 ಇಂಚಿನ ಫ್ರೇಮಿಗೆ ಹಿಗ್ಗಿಸಿದರೆ ಇಂಚಿಗೆ 89 ಚುಕ್ಕೆ ಮಾತ್ರ. ಅದೂ ಇಡೀ ಗುಂಪಿನ ಚಿತ್ರಕ್ಕೆ. ಒಂದು ಮುಖವನ್ನು ಕತ್ತರಿಸಿ ತೆಗೆದರೆ ಉಳಿಯುವುದೇನು? ಪತ್ರಿಕೆಗಳ ಪುಟ ವಿನ್ಯಾಸದವರು ಚಿತ್ರಗಳನ್ನು ಇಮೇಲ್‌ನಲ್ಲೇ ಕಳಿಸಿ ಎಂದು ಪಟ್ಟು ಹಿಡಿಯುವುದು ಇದಕ್ಕೇ.

ವಾಟ್ಸ್ಆ್ಯಪ್ ಅನ್ನು ಬೈದು ಮುಗಿಸುವುದು ನನ್ನ ಉದ್ದೇಶವಲ್ಲ. 2015ರ ಜನವರಿಯಲ್ಲಿ ಬಂದ ವಾಟ್ಸ್ಆ್ಯಪ್ ವೆಬ್, 2022ರಲ್ಲಿ ಬಂದ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಇವೆರಡೂ ಸೇರಿ ಫೋನಿನ ಫೋಟೋ ಕಂಪ್ಯೂಟರಿಗೆ ಬರುವ ಕೆಲಸವನ್ನು ಕೋಟ್ಯಂತರ ಜನರಿಗೆ ಸಲೀಸು ಮಾಡಿವೆ. ಅದರಲ್ಲೂ ಮೂಲ ಚಿತ್ರ ಕಳಿಸಲು ದಾರಿಯಿದೆ. ಕ್ಲಿಪ್ ಒತ್ತಿ ಫೋಟೋ ಎಂಬುದರ ಬದಲು ಡಾಕ್ಯುಮೆಂಟ್ ಎಂಬುದನ್ನು ಆರಿಸಿ ಅದೇ ಫೋಟೋ ಹಾಕಿದರೆ ಫೈಲ್ ಇದ್ದಂತೆಯೇ ಹೋಗುತ್ತದೆ, 2 ಜಿಬಿವರೆಗೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯೂ ಮೊದಲಿಗಿಂತ ಮೇಲು, ಆದರೆ ಅದೂ ಮೂಲವಲ್ಲ. ಮದುವೆ, ಗೃಹಪ್ರವೇಶದ ಫೋಟೋಗಳನ್ನು ನೆಂಟರಿಂದ ತರಿಸಿಕೊಳ್ಳುವಾಗ "ಡಾಕ್ಯುಮೆಂಟ್ ಮಾಡಿ ಕಳಿಸಿ" ಎಂದು ಹೇಳುವ ರೂಢಿ ಬೆಳೆಯಬೇಕು.

ಫೋಟೋ ಫೈಲಿನೊಳಗೆ ಚಿತ್ರದ ಜೊತೆ ಇನ್ನೂ ಒಂದಷ್ಟು ಮಾಹಿತಿ ಇರುತ್ತದೆ: ತೆಗೆದ ದಿನ, ಗಂಟೆ, ಫೋನಿನ ಮಾದರಿ, ಲೊಕೇಶನ್ ಆನ್ ಆಗಿದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ. ಎಕ್ಸಿಫ್ ಎಂದು ಇದನ್ನು ಕರೆಯುತ್ತಾರೆ. ಹಳೆಯ ಫೋಟೋಗಳ ಹಿಂಬದಿಯಲ್ಲಿ ಅಜ್ಜ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದ ಊರು, ತಾರೀಖಿನ ಕೆಲಸವನ್ನು ಈಗ ಇದು ಮಾಡುತ್ತದೆ. ಇಮೇಲ್ ಲಗತ್ತಿನಲ್ಲಿ, ಕೇಬಲ್‌ನಲ್ಲಿ ಈ ಮಾಹಿತಿ ಹಾಗೇ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಳಿಸಿಹೋಗುತ್ತದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರಿನಲ್ಲಿ ಉಳಿಯುವ ತಾರೀಖು ಕೂಡ ಕಳಿಸಿದ ದಿನದ್ದು, ತೆಗೆದ ದಿನದ್ದಲ್ಲ. ಹತ್ತು ವರ್ಷದ ಮೇಲೆ ಈ ಜಾತ್ರೆ ಯಾವ ವರ್ಷದ್ದು ಎಂದು ಮನೆಯವರು ತಲೆ ಕೆರೆದುಕೊಳ್ಳುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೇಲ್‌ನಿಂದ ಇಳಿಸಿದ ಫೋಟೋಗಳಲ್ಲೂ ಒಂದು ಗೊಂದಲವಿದೆ. ಕಂಪ್ಯೂಟರಿನ ಫೋಲ್ಡರಿನಲ್ಲಿ ಫೈಲಿನ ತಾರೀಖು ಇಳಿಸಿದ ದಿನವನ್ನೇ ತೋರಿಸುತ್ತದೆ, ಐದು ವರ್ಷದ ಫೋಟೋಗಳೆಲ್ಲ ಇವತ್ತಿನವೇ ಎಂಬಂತೆ ಕಾಣುತ್ತವೆ. ಒಳಗಿನ ತಾರೀಖು ಹೋಗಿರುವುದಿಲ್ಲ. ವಿಂಡೋಸ್‌ನಲ್ಲಿ 'ಡೇಟ್ ಟೇಕನ್' ಪ್ರಕಾರ ಜೋಡಿಸಿದರೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಹೀಗೆ ಉಳಿಯುವ ಮಾಹಿತಿಗೆ ಅಪಾಯದ ಮುಖವೂ ಉಂಟು. ಮನೆಯಲ್ಲಿ ತೆಗೆದ ಮಗುವಿನ ಫೋಟೋವನ್ನು ಗುರುತಿಲ್ಲದವರಿಗೆ ಮೇಲ್ ಮಾಡಿದರೆ ಮನೆ ಎಲ್ಲಿದೆ ಎಂಬುದೂ ಅದರೊಳಗೆ ಹೋಗಿರುತ್ತದೆ. ಐಫೋನಿನಲ್ಲಿ ಶೇರ್ ಮಾಡುವಾಗ ಮೇಲ್ಗಡೆ ಆಪ್ಷನ್ಸ್ ಒತ್ತಿ ಲೊಕೇಶನ್ ತೆಗೆದುಹಾಕಬಹುದು. ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಡದಿದ್ದರೆ ಯಾವ ಫೋನಿನಲ್ಲೂ ಅದು ದಾಖಲಾಗುವುದೇ ಇಲ್ಲ.

ಐಫೋನ್ ಬಳಸುವವರಿಗೆ ಇನ್ನೊಂದು ತೊಡಕು. 2017ರಲ್ಲಿ ಬಂದ ಐಒಎಸ್ 11ರಿಂದ ಅವು ಫೋಟೋವನ್ನು ಹೆಚ್‌ಇಐಸಿ ಎಂಬ ಮಾದರಿಯಲ್ಲಿ ಉಳಿಸುತ್ತವೆ. ಜಾಗ ಕಡಿಮೆ ಸಾಕು, ಗುಣಮಟ್ಟ ಚೆನ್ನಾಗಿದೆ; ಆದರೆ ಎಷ್ಟೋ ವಿಂಡೋಸ್ ಕಂಪ್ಯೂಟರುಗಳು ಬೇರೆ ತಂತ್ರಾಂಶ ಸೇರಿಸದೆ ಅದನ್ನು ತೆರೆಯುವುದಿಲ್ಲ, ಅರ್ಜಿ ತುಂಬುವ ಸರ್ಕಾರಿ ಜಾಲತಾಣಗಳು ಬಹುಪಾಲು ಜೆಪೆಗ್ ಅನ್ನೇ ಕೇಳುತ್ತವೆ. ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂದು ಬದಲಿಸಿದರೆ ಅಲ್ಲಿಂದ ಮುಂದೆ ತೆಗೆದದ್ದೆಲ್ಲ ಜೆಪೆಗ್ ಆಗಿರುತ್ತದೆ.

ಇನ್ನು ಕೇಬಲ್. ರಾಶಿ ಫೋಟೋಗಳಿಗೆ ಇದಕ್ಕೆ ಸಮನಾದದ್ದು ಯಾವುದೂ ಇಲ್ಲ. ಹಳೆಯ ಯುಎಸ್‌ಬಿ 2.0 ಕೂಡ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಬಲ್ಲದು. ನಿಜದಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೂ ಆ ಸಾವಿರ ಫೋಟೋ ಎರಡೂಕಾಲು ನಿಮಿಷದಲ್ಲಿ ಇಳಿಯಬೇಕು. ಸಣ್ಣ ಸಣ್ಣ ಫೈಲುಗಳಾದ್ದರಿಂದ ಇನ್ನಷ್ಟು ತಡವಾದರೂ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಇಂಟರ್‌ನೆಟ್ ಬೇಡ, ಖಾತೆ ಬೇಡ, ಮೂರನೆಯವರ ಕೈಗೆ ಪ್ರತಿ ಹೋಗುವುದಿಲ್ಲ. ಆದರೂ ಜನ ಇದರಿಂದ ದೂರ ಸರಿಯಲು ಕಾರಣಗಳಿವೆ, ಅವೆಲ್ಲ ಸುಲಭವಾಗಿ ಪರಿಹಾರವಾಗುವಂಥವು.

ಮೊದಲನೆಯದು ಕೇಬಲ್ಲೇ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ಸಾಗುವ ತಂತಿ ಇರುವುದಿಲ್ಲ. ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಫೋನ್ ಕಾಣುವುದಿಲ್ಲ. ಅಂಗಡಿಯಲ್ಲಿ ಡೇಟಾ ಕೇಬಲ್ ಎಂದೇ ಕೇಳಿ ತರಬೇಕು. ಎರಡನೆಯದು, ಆ್ಯಂಡ್ರಾಯ್ಡ್ ಫೋನ್ ಸಿಕ್ಕಿಸಿದ ಕೂಡಲೇ ತಾನಾಗಿ ಚಾರ್ಜಿಂಗ್ ಮಾತ್ರ ಎಂಬ ಸ್ಥಿತಿಯಲ್ಲಿ ನಿಲ್ಲುತ್ತದೆ. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಯುಎಸ್‌ಬಿ ಸೂಚನೆ ಒತ್ತಿ, ಫೈಲ್ ಟ್ರಾನ್ಸ್‌ಫರ್ ಎಂದು ಆರಿಸಿದರೆ ಫೋಲ್ಡರ್‌ಗಳು ಕಾಣುತ್ತವೆ. ಐಫೋನ್ ಆದರೆ 'ಟ್ರಸ್ಟ್ ದಿಸ್ ಕಂಪ್ಯೂಟರ್' ಎಂದು ಕೇಳುತ್ತದೆ. ಒಪ್ಪಿಗೆ ಕೊಟ್ಟು ಪಾಸ್‌ಕೋಡ್ ಹಾಕದ ಹೊರತು ಏನೂ ತೋರಿಸದು. ಕ್ಯಾಮೆರಾ ತೆಗೆದ ಫೋಟೋಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ, ಎಲ್ಲ ಕಂಪನಿಗಳ ಫೋನಿನಲ್ಲೂ. ಐಫೋನ್ 15ರಿಂದ, ಅಂದರೆ 2023ರಿಂದ, ಆ್ಯಪಲ್ ಕೂಡ ಯುಎಸ್‌ಬಿ-ಸಿ ಗೆ ಬಂದಿರುವುದರಿಂದ ಹೊಸ ಫೋನುಗಳಿಗೆಲ್ಲ ಮನೆಯಲ್ಲಿ ಒಂದೇ ಕೇಬಲ್ ಸಾಕು.

ಕೇಬಲ್ ಹಾಕಿದಾಗ ಕಟ್ ಮಾಡಿ ಪೇಸ್ಟ್ ಮಾಡಲೇಬೇಡಿ. ನಡುವೆ ಕೇಬಲ್ ಅಲುಗಿದರೆ ಎರಡೂ ಕಡೆ ಇಲ್ಲದಂತಾಗಬಹುದು. ಕಾಪಿ ಮಾಡಿ, ನಾಲ್ಕಾರು ಫೋಟೋ ತೆರೆದು ನೋಡಿ, ಎಣಿಕೆ ತಾಳೆ ಹಾಕಿ, ಆಮೇಲೆ ಫೋನಿನಲ್ಲಿ ಅಳಿಸಿ. ಐಕ್ಲೌಡ್ ಬಳಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಫೋನಿನ ಜಾಗ ಉಳಿಸುವ ಆಯ್ಕೆ ಆನ್ ಆಗಿದ್ದರೆ ಫೋನಿನಲ್ಲಿರುವುದು ಸಣ್ಣ ಪ್ರತಿ ಮಾತ್ರ, ಮೂಲ ಚಿತ್ರ ಆ್ಯಪಲ್‌ನ ಸರ್ವರಿನಲ್ಲಿರುತ್ತದೆ. ಕೇಬಲ್‌ನಲ್ಲಿ ಎಷ್ಟೋ ಫೋಟೋ ಬಾರದೆ ಉಳಿಯುವುದು ಇದರಿಂದಲೇ.

ತಂತಿಯಿಲ್ಲದ ದಾರಿಗಳಲ್ಲಿ ಬ್ಲೂಟೂತ್ ಹಳೆಯದು, ತೀರ ನಿಧಾನ. ಒಂದೆರಡು ಫೋಟೋಗೆ ಸಾಕು. ಇದೇ ನಿಧಾನದಿಂದ ಬೇಸತ್ತು ಒಂದು ಕಾಲಕ್ಕೆ ನಮ್ಮ ಊರೂರಲ್ಲಿ ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳು ಹಬ್ಬಿದ್ದವು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇವೆರಡೂ ಇದ್ದವು. ಆ ಜಾಗವನ್ನು ಈಗ ತುಂಬಿರುವುದು ಗೂಗಲ್‌ನ ಕ್ವಿಕ್ ಶೇರ್. ನಿಯರ್‌ಬೈ ಶೇರ್ ಎಂದು 2020ರಲ್ಲಿ ಬಂದ ಇದು 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಯಿತು. ವಿಂಡೋಸ್ ಕಂಪ್ಯೂಟರಿಗೂ ಇದರ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಐಫೋನ್ ಮತ್ತು ಮ್ಯಾಕ್ ಎರಡೂ ಇದ್ದವರಿಗೆ ಏರ್‌ಡ್ರಾಪ್ ಇದ್ದೇ ಇದೆ. ಐಫೋನ್ ಒಂದು ಕಡೆ, ವಿಂಡೋಸ್ ಇನ್ನೊಂದು ಕಡೆ ಇರುವ ಮನೆಗಳಿಗೆ ಲೋಕಲ್‌ಸೆಂಡ್ ಎಂಬ ಮುಕ್ತ ತಂತ್ರಾಂಶ ಒಳ್ಳೆಯದು. ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು, ಫೋಟೋ ಮನೆಯ ಹೊರಗೆ ಹೋಗುವುದೇ ಇಲ್ಲ. ಮನೆಯೊಳಗಿನ ಬಳಕೆಗೆ ಕೇಬಲ್ ಬಿಟ್ಟರೆ ನಾನು ಮೆಚ್ಚುವುದು ಈ ಬಗೆಯವನ್ನೇ.

ಕ್ಲೌಡ್ ದಾರಿಯ ಆಕರ್ಷಣೆ ದೊಡ್ಡದು, ಏಕೆಂದರೆ ಅಲ್ಲಿ ಸಾಗಿಸುವ ಕೆಲಸವೇ ಇಲ್ಲ. 2015ರಲ್ಲಿ ಗೂಗಲ್ ಫೋಟೋಸ್ ಬಂದಾಗ ಎಷ್ಟು ಫೋಟೋ ಬೇಕಾದರೂ ಪುಕ್ಕಟೆ ಇಡಬಹುದಾಗಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಈಗ ಪುಕ್ಕಟೆ ಸಿಗುವ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋ ಮೂರೂ ಹಂಚಿಕೊಳ್ಳಬೇಕು. ಫೋಟೋಗಳಿಂದ ಅದು ತುಂಬಿದರೆ ಜಿಮೇಲ್‌ಗೆ ಮೇಲ್ ಬರುವುದೇ ನಿಲ್ಲುತ್ತದೆ. ಸಂದರ್ಶನದ ಕರೆ, ಆಸ್ಪತ್ರೆಯ ವರದಿ ಬಾರದೆ ಹೋದವರು ಕಾರಣ ಹುಡುಕಿದಾಗ ಸಿಗುವುದು ಈ ತುಂಬಿದ ಪೆಟ್ಟಿಗೆಯೇ. ಇನ್ನೂ ಗಂಭೀರವಾದದ್ದು, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಆ ಆ್ಯಪ್‌ನಿಂದಲೇ ಅಳಿಸಿದರೆ ಫೋನು ಮತ್ತು ಸರ್ವರ್ ಎರಡೂ ಕಡೆಯಿಂದ ಹೋಗುತ್ತದೆ. ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಅದಾದ ಮೇಲೆ ಇಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು ಎಂಬ ನೀತಿ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಕೊಂಡ ತಂದೆಯ ಖಾತೆಯಲ್ಲಿರುವ ಫೋಟೋ, ಮೇಲ್ ಲಗತ್ತುಗಳಿಗೆಲ್ಲ ಇದು ಅನ್ವಯ. ಮೇಲ್ ಪೆಟ್ಟಿಗೆಯಾಗಲಿ ಕ್ಲೌಡ್ ಆಗಲಿ ಫೋಟೋ ಸಾಗುವ ದಾರಿಯಾಗಬಹುದು, ಎರಡನೆಯ ಪ್ರತಿಯೂ ಆಗಬಹುದು. ಮನೆಯ ಏಕೈಕ ಪ್ರತಿ ಅಲ್ಲಿರಬಾರದು. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಇದ್ದರೆ ಮಾತ್ರ ನಿಶ್ಚಿಂತೆ.

ಇದುವರೆಗಿನ ಮಾತೆಲ್ಲ ಸ್ವಂತ ಫೋನು, ಸ್ವಂತ ಕಂಪ್ಯೂಟರ್ ಇದ್ದವರದ್ದಾಯಿತು. ನಮ್ಮಲ್ಲಿ ಫೋನಿನ ಫೋಟೋ ಬೇರೆಯವರ ಕಂಪ್ಯೂಟರಿಗೆ ಹೋಗುವುದೂ ಕಡಿಮೆಯಲ್ಲ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಗ್ರಾಮ ಒನ್ ಕೇಂದ್ರ, ಸ್ಟುಡಿಯೋ ಇಲ್ಲೆಲ್ಲ ದಿನವಿಡೀ ನಡೆಯುವುದು ಇದೇ. ಕೌಂಟರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಅಂಗಡಿಯ ಮೇಲ್ ಐಡಿ, ಪಕ್ಕದಲ್ಲಿ ವಾಟ್ಸ್ಆ್ಯಪ್ ನಂಬರ್. ಜನ ಸಾಲಾಗಿ ನಿಂತು ಆಧಾರ್, ಪ್ಯಾನ್, ಅಂಕಪಟ್ಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಆ ವಿಳಾಸಕ್ಕೆ ಕಳಿಸುತ್ತಾರೆ, ಪ್ರಿಂಟ್ ತೆಗೆದುಕೊಂಡು ದುಡ್ಡು ಕೊಟ್ಟು ಹೊರಡುತ್ತಾರೆ. ಕಳಿಸಿದ್ದು ಅಲ್ಲೇ ಉಳಿಯುತ್ತದೆ: ಇನ್‌ಬಾಕ್ಸ್‌ನಲ್ಲಿ ಒಂದು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು. ಆ ಫೋಲ್ಡರನ್ನು ತೆರೆದರೆ ಒಂದೂರಿನ ನೂರಾರು ಜನರ ಗುರುತಿನ ಚೀಟಿಗಳು ಒಂದರ ಕೆಳಗೊಂದು ಕಾಣುತ್ತವೆ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು, ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೊಬ್ಬ ಹುಡುಗ ಕೂರುತ್ತಾನೆ, ಮೇಲ್‌ನ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುತ್ತದೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದೇ ವಿಷಯದ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯಂಥ ಕಡೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಳಿಸಿ ಬನ್ನಿ ಎಂಬುದು ಅದರ ಸಾರಾಂಶ. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಸಲಹೆ ಮಾತ್ರ ಸರಿಯಾದದ್ದೇ ಆಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಮಾಸ್ಕ್ಡ್ ಆಧಾರ್ ಇಂದಿಗೂ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಕೆಲಸ ಮುಗಿದ ಮೇಲೆ ಇನ್ನೊಬ್ಬರ ಮಾಹಿತಿಯನ್ನು ಇಟ್ಟುಕೊಳ್ಳಬಾರದು.

ಅಂಗಡಿಯಲ್ಲಿ ಯಾವ ದಾರಿ ವಾಸಿ ಎಂದರೆ ಪೂರ್ತಿ ನಿರ್ಭಯವಾದದ್ದು ಯಾವುದೂ ಇಲ್ಲ. ಅಲ್ಲಿನ ಕಂಪ್ಯೂಟರಿನಲ್ಲಿ ನಮ್ಮ ಮೇಲ್ ತೆರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ರೌಸರ್ ಪಾಸ್‌ವರ್ಡ್ ನೆನಪಿಟ್ಟುಕೊಂಡರೆ ಒಂದು ದಾಖಲೆಯ ಜೊತೆ ಇಡೀ ಪೆಟ್ಟಿಗೆಯೇ ಅವರ ಪಾಲು. ತೆರೆಯಲೇಬೇಕಾಗಿ ಬಂದಿದ್ದರೆ ಮನೆಗೆ ಬಂದ ಕೂಡಲೇ ಫೋನಿನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ, ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಕೇಬಲ್ ಹಾಕಿಕೊಟ್ಟರೆ ಫೈಲ್ ಟ್ರಾನ್ಸ್‌ಫರ್ ಆಯ್ಕೆಯಲ್ಲಿ ಫೋನಿನ ಫೋಲ್ಡರ್‌ಗಳೆಲ್ಲ ಬಯಲಾಗುತ್ತವೆ. ಪಿಟಿಪಿ ಎಂಬ ಆಯ್ಕೆ ಒತ್ತಿದರೆ ಫೋಟೋಗಳಷ್ಟೇ ಕಾಣುತ್ತವೆ. ಬೇಕಾದ ಫೈಲ್ ಮಾತ್ರ ಹಾಕಿಕೊಂಡು ಹೋದ ಪೆನ್ ಡ್ರೈವ್ ಇವೆಲ್ಲಕ್ಕಿಂತ ವಾಸಿ, ಬಂದ ಮೇಲೆ ಅದನ್ನು ವೈರಸ್ ಪರೀಕ್ಷೆಗೆ ಹಾಕುವ ಅಭ್ಯಾಸ ಇದ್ದರೆ. ಅಂಗಡಿಯ ಮೇಲ್‌ಗೆ ಕಳಿಸುವುದಾದರೂ ತೀರ ತಪ್ಪಲ್ಲ, ಕಳಿಸಿದ್ದನ್ನು ಅಳಿಸಿಯೇ ಹೊರಡುವುದಾದರೆ.

ಅಂಗಡಿ ನಡೆಸುವವರಲ್ಲಿ ನನ್ನ ಕೋರಿಕೆ: ಸಂಜೆ ಬಾಗಿಲು ಹಾಕುವ ಮುಂಚೆ ಆ ದಿನ ಬಂದ ಮೇಲ್, ವಾಟ್ಸ್ಆ್ಯಪ್ ಚಾಟ್, ಡೌನ್‌ಲೋಡ್ಸ್ ಫೋಲ್ಡರ್ ಮೂರನ್ನೂ ಖಾಲಿ ಮಾಡಿ. ಐದು ನಿಮಿಷ ಸಾಕು. ಗ್ರಾಹಕರಾಗಿ ಹೋಗುವ ನಾವು ಸಂಕೋಚ ಬಿಟ್ಟು ಕೇಳಬೇಕು. ಪ್ರಿಂಟ್ ಕೈಗೆ ಬಂದ ಮೇಲೆ "ಅಣ್ಣಾ, ಅದನ್ನ ಡಿಲೀಟ್ ಮಾಡಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಡಿಲೀಟ್ ಮಾಡಿದ ಮೇಲ್ ಜಿಮೇಲ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಕಂಪ್ಯೂಟರಿನಲ್ಲಿ ಅಳಿಸಿದ ಫೈಲ್ ರಿಸೈಕಲ್ ಬಿನ್‌ನಲ್ಲಿರುತ್ತದೆ. ಅವೆರಡನ್ನೂ ಕಣ್ಣೆದುರೇ ಖಾಲಿ ಮಾಡಿಸಿಕೊಂಡು ಬನ್ನಿ.